ಫ್ಲ್ಯಾಟ್ ನಿಮ್ಮದು, ನೆಲ ಇನ್ನೊಬ್ಬರದು: ಇಂಗ್ಲೆಂಡಿನ ಲೀಸ್‌ಹೋಲ್ಡ್ ಜಗಳದ ಹಿಂದಿರುವ ಮಧ್ಯಯುಗ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫ್ಲ್ಯಾಟ್ ಕೊಂಡವರ ಕೈಗೆ ಸಾಮಾನ್ಯವಾಗಿ ಬರುವುದು ಇಂತಿಷ್ಟು ವರ್ಷ ಅದನ್ನು ಅನುಭವಿಸುವ ಹಕ್ಕು ಮಾತ್ರ. 99 ವರ್ಷ, 125 ವರ್ಷ, ಅದೃಷ್ಟವಿದ್ದರೆ 999 ವರ್ಷ. ಲಕ್ಷಾಂತರ ಪೌಂಡ್ ಸಾಲ ಮಾಡಿ ಕೊಂಡ ಮೇಲೂ ಕಟ್ಟಡದ ನೆಲ ಫ್ರೀಹೋಲ್ಡರ್ ಎಂಬ ಇನ್ನೊಬ್ಬರ ಹೆಸರಿನಲ್ಲಿರುತ್ತದೆ. ಹಳೆಯ ಕರಾರುಗಳಲ್ಲಿ ಅವರಿಗೆ ವರ್ಷ ವರ್ಷ ನೆಲಬಾಡಿಗೆ ಕಟ್ಟಬೇಕು, ಲೀಸಿನ ವರ್ಷಗಳು ಕರಗುತ್ತಿದ್ದಂತೆ ಮನೆಯ ಬೆಲೆಯೂ ಕರಗುತ್ತದೆ. ಇಂಥ ಮನೆಗಳು ಇಂಗ್ಲೆಂಡೊಂದರಲ್ಲೇ ಸುಮಾರು 50 ಲಕ್ಷ ಇವೆ. 2026ರ ಜನವರಿಯಲ್ಲಿ ಬ್ರಿಟಿಷ್ ಸರ್ಕಾರ ಇದನ್ನು ಮುಗಿಸಲು ಕರಡು ಮಸೂದೆ ಹೊರಡಿಸಿತು. ನೆಲಬಾಡಿಗೆಗೆ ವರ್ಷಕ್ಕೆ 250 ಪೌಂಡಿನ ಮಿತಿ, 40 ವರ್ಷದ ನಂತರ ಹೆಸರಿಗಷ್ಟೇ ಬಾಡಿಗೆ, ಹೊಸ ಫ್ಲ್ಯಾಟುಗಳನ್ನು ಲೀಸ್‌ಹೋಲ್ಡ್ ಆಗಿ ಮಾರುವುದಕ್ಕೆ ತಡೆ, ಬಾಕಿಗಾಗಿ ಮನೆಯನ್ನೇ ಮುಟ್ಟುಗೋಲು ಹಾಕಿಕೊಳ್ಳುವ ಪದ್ಧತಿಯ ರದ್ದತಿ: ಇವು ಅದರ ಮುಖ್ಯ ಅಂಶಗಳು.

ಈ ಚರ್ಚೆಯಲ್ಲಿ ಎಲ್ಲ ಪಕ್ಷದವರೂ ಬಳಸುವ ಬೈಗುಳ ಒಂದೇ: ಇದು ಫ್ಯೂಡಲ್, ಅಂದರೆ ಊಳಿಗಮಾನ್ಯ ಪದ್ಧತಿ, ಮಧ್ಯಯುಗದ ಕೊಳೆ. ಮಾತು ಅರ್ಧ ನಿಜ. ಮಧ್ಯಯುಗದ ಭೂಕ್ರಮ ಹೇಗೆ ನಡೆಯುತ್ತಿತ್ತು, ಅದರ ಯಾವ ತುಂಡು ಯಾವಾಗ ಕಳಚಿತು, ಯಾವುದು ಉಳಿಯಿತು ಎಂದು ನೋಡಿದರೆ ಲೀಸ್‌ಹೋಲ್ಡ್ ಇಷ್ಟು ಗಟ್ಟಿಯಾಗಿ ನಿಂತಿರುವುದು ಏಕೆಂದು ತಿಳಿಯುತ್ತದೆ. ಇಂಗ್ಲೆಂಡು ಒಡೆಯರ ಹಕ್ಕುಗಳನ್ನು ಒಂದೊಂದಾಗಿ ರದ್ದು ಮಾಡುತ್ತ ಬಂತು. ಆ ಹಕ್ಕುಗಳ ಆಸರೆಯಲ್ಲಿ ನಡೆಯುತ್ತಿದ್ದ ಕೆಲಸವನ್ನು ಮುಂದೆ ಯಾರು ಮಾಡಬೇಕು ಎಂಬುದಕ್ಕೆ ಮಾತ್ರ ಪ್ರತಿಸಲವೂ ಉತ್ತರ ಬಾಕಿ ಉಳಿಯಿತು. ಆ ಖಾಲಿ ಜಾಗಕ್ಕೆ ಪ್ರತಿಸಲವೂ ಇನ್ನೊಬ್ಬ ಒಡೆಯ ಬಂದು ಕೂತ.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ನೆಲವೆಲ್ಲ ದೊರೆಯದೆಂದಾಯಿತು. ಉಳಿದವರೆಲ್ಲ ಹಿಡುವಳಿದಾರರು. ದೊರೆಯಿಂದ ನೇರವಾಗಿ ಭೂಮಿ ಪಡೆದ ದೊಡ್ಡ ಒಡೆಯರು, ಅವರ ಕೆಳಗೆ ನೈಟ್‌ಗಳೆಂಬ ಸವಾರ ಯೋಧರು, ಅವರ ಕೆಳಗೆ ಒಕ್ಕಲು. 1086ರ ಡೂಮ್ಸ್‌ಡೇ ದಫ್ತರದಲ್ಲಿ ಊರೂರಿನ ಭೂಮಿ ಯಾರ ಕೈಯಲ್ಲಿದೆ, ಯಾರಿಂದ ಬಂದದ್ದು, ಎಷ್ಟು ನೇಗಿಲು, ಎಷ್ಟು ಗಿರಣಿ, ಎಷ್ಟು ಬೆಲೆ ಎಂದು ಬರೆಸಿದ್ದು ಈ ಏಣಿಯ ಲೆಕ್ಕವನ್ನೇ. ಯುರೋಪಿನ ಎಲ್ಲೆಡೆ ಹೀಗಿರಲಿಲ್ಲ. ದಕ್ಷಿಣ ಫ್ರಾನ್ಸಿನಲ್ಲಿ ಯಾವ ಒಡೆಯನಿಗೂ ಸೇರದ ಸ್ವತಂತ್ರ ಜಮೀನು ಸಾಕಷ್ಟಿತ್ತು. ಒಡೆಯನಿಲ್ಲದ ನೆಲವಿಲ್ಲ ಎಂಬ ನಿಯಮ ಉತ್ತರ ಫ್ರಾನ್ಸಿನದು. ಅದನ್ನು ಇಡೀ ದೇಶಕ್ಕೆ, ದೊರೆಯ ತನಕ ಏರಿಸಿ ಕಟ್ಟಿದ್ದು ಇಂಗ್ಲೆಂಡ್. ಮಧ್ಯಯುಗದ ಯುರೋಪೆಲ್ಲ ಒಂದೇ ಅಚ್ಚಿನದು ಎಂದುಕೊಂಡರೆ ಇಂದಿನ ಇಂಗ್ಲಿಷ್ ಭೂಕಾನೂನು ಮಾತ್ರ ಏಕೆ ಹೀಗೆ ಎಂಬುದು ಅರ್ಥವಾಗುವುದಿಲ್ಲ.

ಏಣಿಯ ಪ್ರತಿ ಮೆಟ್ಟಿಲಿನಲ್ಲೂ ಕೊಡುವುದು, ಕೊಳ್ಳುವುದು ಎರಡೂ ಇದ್ದವು. ನೈಟ್ ಹಿಡುವಳಿಗೆ ವರ್ಷಕ್ಕೆ 40 ದಿನ ಯುದ್ಧಸೇವೆ ಸಲ್ಲಬೇಕು, ಇಲ್ಲವೇ ಅದರ ಬದಲಿಗೆ ಹಣ. ಹಿಡುವಳಿದಾರ ಸತ್ತರೆ ವಾರಸುದಾರ ‘ರಿಲೀಫ್’ ಎಂಬ ಕಾಣಿಕೆ ಕಟ್ಟಿ ಜಮೀನು ಬಿಡಿಸಿಕೊಳ್ಳಬೇಕು. ವಾರಸುದಾರ ಚಿಕ್ಕವನಿದ್ದರೆ ಅವನು ದೊಡ್ಡವನಾಗುವ ತನಕ ಜಮೀನಿನ ಉತ್ಪತ್ತಿ ಒಡೆಯನಿಗೆ. ವಾರಸುದಾರರೇ ಇಲ್ಲದಿದ್ದರೆ ಭೂಮಿ ಮೇಲಿನ ಮೆಟ್ಟಿಲಿಗೆ ಮರಳುತ್ತದೆ. ಇದಕ್ಕೆಲ್ಲ ಬದಲಾಗಿ ಒಡೆಯ ಆ ಹಿಡುವಳಿಯನ್ನು ಕಾಪಾಡಬೇಕು, ಇನ್ನೊಬ್ಬ ದಾವೆ ಹೂಡಿದರೆ ಒಕ್ಕಲಿನ ಪರ ನಿಲ್ಲಬೇಕು.

ಮೇಲಿನವನು ವಸೂಲಿ ಮಾಡುವ ಪ್ರಮಾಣಕ್ಕೆ ಮಿತಿ ಇಲ್ಲದಿದ್ದಾಗ ಕೆಟ್ಟದ್ದು ಹೇಗೆ ಎಂಬುದಕ್ಕೆ 1205ರ ಒಂದು ಲೆಕ್ಕ ಸಾಕು. ನಿಕೊಲಸ್ ಡಿ ಸ್ಟುಟ್‌ವಿಲ್ ಎಂಬ ಒಡೆಯ ತನ್ನ ಮನೆತನದ ಆಸ್ತಿಗೆ ವಾರಸುದಾರನಾದಾಗ ದೊರೆ ಜಾನ್ ಅವನ ಮೇಲೆ ಹೇರಿದ ಕಾಣಿಕೆ 10,000 ಮಾರ್ಕ್. ಮಾರ್ಕ್ ಎಂದರೆ 13 ಶಿಲ್ಲಿಂಗ್ 4 ಪೆನ್ಸ್, ಅಂದರೆ ಒಟ್ಟು ಸುಮಾರು 6,667 ಪೌಂಡ್. ಹತ್ತೇ ವರ್ಷದಲ್ಲಿ ಅನೇಕ ಒಡೆಯರು ತಿರುಗಿಬಿದ್ದರು. 1215ರ ಮ್ಯಾಗ್ನಾ ಕಾರ್ಟಾದ ಎರಡನೆಯ ಕಲಮೇ ಈ ಕಾಣಿಕೆಗೆ ಹಾಕಿದ ಮಿತಿ: ದೊಡ್ಡ ಒಡೆತನಕ್ಕೆ 100 ಪೌಂಡ್, ಒಂದು ನೈಟ್ ಹಿಡುವಳಿಗೆ ಹೆಚ್ಚೆಂದರೆ 100 ಶಿಲ್ಲಿಂಗ್. ಆ ಸನದನ್ನು ಸ್ವಾತಂತ್ರ್ಯದ ಘೋಷಣೆಯೆಂದು ಓದುವವರೇ ಹೆಚ್ಚು. ಆದರೆ ಅದರ ಮೊದಮೊದಲ ಕಲಮುಗಳು ಹಿಡುವಳಿ ಶುಲ್ಕದ ಮಿತಿಗಳು. ಇಂದಿನ 250 ಪೌಂಡಿನ ಮಿತಿ ಅದೇ ಜಾತಿಯದು.

ಏಣಿಯ ತಳದಲ್ಲಿದ್ದ ವಿಲೆನ್‌ಗಳ, ಅಂದರೆ ಬಿಟ್ಟಿ ದುಡಿಮೆಗೆ ಬದ್ಧರಾದ ಒಕ್ಕಲಿನ, ಪಾಡು ಬೇರೆ. ಸುಮಾರು 30 ಎಕರೆ ಹಿಡುವಳಿಯಿದ್ದ ಮನೆಯಿಂದ ವಾರಕ್ಕೆ ಎರಡು ಮೂರು ದಿನ ಒಡೆಯನ ಸ್ವಂತ ಹೊಲದಲ್ಲಿ ದುಡಿಮೆ, ಸುಗ್ಗಿಯಲ್ಲಿ ಅದರ ಮೇಲೆ ಇನ್ನಷ್ಟು. ಮಗಳ ಮದುವೆಗೆ ತೆರಿಗೆ. ಮನೆಯ ಯಜಮಾನ ಸತ್ತರೆ ಕೊಟ್ಟಿಗೆಯ ಅತ್ಯುತ್ತಮ ದನ ಒಡೆಯನ ಪಾಲು. ಕಾಳು ಬೀಸಲು ಒಡೆಯನ ಗಿರಣಿಗೇ ಹೋಗಬೇಕು, ಅಲ್ಲಿ ಹಿಟ್ಟಿನಲ್ಲಿ ಪಾಲು ಬಿಡಬೇಕು. ಹಿಡುವಳಿಯ ವಿಷಯದಲ್ಲಿ ಒಡೆಯನ ವಿರುದ್ಧ ಇವರ ದೂರನ್ನು ದೊರೆಯ ನ್ಯಾಯಾಲಯ ಕೇಳುತ್ತಿರಲಿಲ್ಲ. ಇದನ್ನು ಯಾವ ಬಣ್ಣ ಬಳಿದೂ ಚಂದ ಮಾಡಲಾಗದು.

ಆದರೂ ಆ ವ್ಯವಸ್ಥೆಯೊಳಗೆ ಒಂದು ತಡೆ ಇತ್ತು. ಅದೇ ಊರಿನ ವಾಡಿಕೆ. ಒಡೆಯನ ಊರ ನ್ಯಾಯಸಭೆ ಹಲವೆಡೆ ಮೂರು ವಾರಕ್ಕೊಮ್ಮೆ ಕೂರುತ್ತಿತ್ತು. ಒಡೆಯನ ಪರವಾಗಿ ಪಾರುಪತ್ಯೆಗಾರ ಕೂತಿರುತ್ತಾನೆ, ವಾಡಿಕೆ ಏನೆಂದು ಹೇಳುವವರು ಒಕ್ಕಲುಗಳೇ. ಜಮೀನು ಕೈ ಬದಲಾಗುವಾಗ ಹಳೆಯ ಹಿಡುವಳಿದಾರ ಒಂದು ಕೋಲಿನ ತುದಿ ಹಿಡಿದು ಅದನ್ನು ಪಾರುಪತ್ಯೆಗಾರನಿಗೆ ಒಪ್ಪಿಸಿ, ಇಂಥವರ ಉಪಯೋಗಕ್ಕೆ ಈ ನೆಲ ಬಿಟ್ಟುಕೊಟ್ಟಿದ್ದೇನೆ ಎನ್ನುತ್ತಾನೆ. ಪಾರುಪತ್ಯೆಗಾರ ಅದೇ ಕೋಲನ್ನು ಹೊಸಬನಿಗೆ ಕೊಡುತ್ತಾನೆ. ಹೊಸಬ ಪ್ರವೇಶ ಕಾಣಿಕೆ ಕಟ್ಟಿ ನಿಷ್ಠೆಯ ಪ್ರಮಾಣ ಮಾಡುತ್ತಾನೆ. ಇಷ್ಟೂ ಚರ್ಮದ ಸುರುಳಿಯಲ್ಲಿ ದಾಖಲಾಗುತ್ತದೆ, ಕಾಲಕ್ರಮದಲ್ಲಿ ಅದರ ನಕಲೂ ಅವನ ಕೈಸೇರತೊಡಗಿತು. ಆ ನಕಲೇ ಹಕ್ಕುಪತ್ರವಾಗಿದ್ದರಿಂದ ಅಂಥ ಹಿಡುವಳಿಗೆ ಕಾಪಿಹೋಲ್ಡ್ ಎಂದು ಹೆಸರಾಯಿತು. 14ನೆಯ ಶತಮಾನದ ಪ್ಲೇಗಿನ ನಂತರ ದುಡಿಯುವ ಕೈ ಕಡಿಮೆಯಾಗಿ ಬಿಟ್ಟಿ ದುಡಿಮೆ ನಿಧಾನಕ್ಕೆ ಹಣದ ಗೇಣಿಯಾಯಿತು. 15ನೆಯ ಶತಮಾನದ ಉತ್ತರಾರ್ಧದಿಂದ ದೊರೆಯ ನ್ಯಾಯಾಲಯಗಳೂ ಕಾಪಿಹೋಲ್ಡರನ ಪರ ನಿಲ್ಲತೊಡಗಿದವು. ದರ ಏರಿಸಲು ಹೊರಟ ಒಡೆಯನ ಮುಂದೆ ಒಕ್ಕಲು ಹಳೆಯ ಸುರುಳಿ ಬಿಚ್ಚಿ ತೋರಿಸಬಹುದಿತ್ತು.

ಬಿಟ್ಟಿ ದುಡಿಮೆಗೆ ಬದ್ಧರಲ್ಲದ ಮುಕ್ತ ಹಿಡುವಳಿದಾರರಿಗೆ ರಕ್ಷಣೆ ಇನ್ನೂ ಮೊದಲೇ ಸಿಕ್ಕಿತ್ತು. ತೀರ್ಪಿಲ್ಲದೆ ಒಕ್ಕಲೆಬ್ಬಿಸಿದರೆ ದೊರೆಯ ಆಜ್ಞಾಪತ್ರ ತಂದು, ಊರವರ ಪಂಚಾಯತಿಯ ಮುಂದೆ ವಿಚಾರಣೆ ನಡೆಸಿ, ಬೇಗ ಭೂಮಿ ಮರಳಿ ಪಡೆಯುವ ದಾರಿಯನ್ನು ಎರಡನೆಯ ಹೆನ್ರಿ 1166ರ ಸುಮಾರಿಗೆ ತೆರೆದ. ಗೇಣಿ ಬಾಕಿಗೆ ಭೂಮಿಯನ್ನೇ ಕಸಿಯುವ ಕಾನೂನು 1278ರಲ್ಲಿ ಬಂದಾಗಲೂ, 1285ರಲ್ಲಿ ವಿಸ್ತಾರವಾದಾಗಲೂ ಷರತ್ತು ಬಿಗಿಯಾಗಿತ್ತು: ಎರಡು ವರ್ಷ ಪೂರ್ತಿ ಏನೂ ಸಲ್ಲಿಸಿರಬಾರದು, ತೀರ್ಪಿಗೆ ಮೊದಲು ಬಾಕಿ ಕಟ್ಟಿ ಜಾಮೀನು ಕೊಟ್ಟರೆ ಭೂಮಿ ಉಳಿಯುತ್ತದೆ. ಈಗ ಇಂದಿನ ನಿಯಮ ನೋಡಿ. 2002ರ ಕಾನೂನಿನಂತೆ ಬಾಕಿ 350 ಪೌಂಡ್ ಮೀರಿದರೆ, ಅಥವಾ ಅದಕ್ಕಿಂತ ಕಡಿಮೆಯದಾದರೂ ಮೂರು ವರ್ಷ ಹಳೆಯದಾದರೆ, ಲೀಸ್ ಮುಟ್ಟುಗೋಲಿನ ಕ್ರಮಕ್ಕೆ ಫ್ರೀಹೋಲ್ಡರ್‌ಗೆ ದಾರಿಯಿದೆ. ನ್ಯಾಯಾಲಯ ಸಾಮಾನ್ಯವಾಗಿ ಬಾಕಿ ಕಟ್ಟಿಸಿ ಮನೆ ಉಳಿಸುತ್ತದೆ ನಿಜ. ಆದರೆ 3 ಲಕ್ಷ ಪೌಂಡಿನ ಮನೆಯ ಮೇಲೆ 351 ಪೌಂಡಿನ ಬೆದರಿಕೆ ತೂಗುತ್ತಿದ್ದರೆ, ಅನ್ಯಾಯದ ಬಿಲ್ಲನ್ನೂ ಜನ ತೆಪ್ಪಗೆ ಕಟ್ಟುತ್ತಾರೆ. ಬೆದರಿಕೆಯ ಉಪಯೋಗವೇ ಅದು.

ಹಾಗಾದರೆ ಲೀಸ್ ಎಲ್ಲಿಂದ ಬಂತು? ಫ್ಯೂಡಲ್ ಏಣಿಯ ಹೊರಗಿನಿಂದ. ಇಷ್ಟು ವರ್ಷಕ್ಕೆ ಎಂದು ಕೊಟ್ಟ ನೆಲ ಆ ಏಣಿಯಲ್ಲಿ ಮೆಟ್ಟಿಲೇ ಆಗಿರಲಿಲ್ಲ. ಕಾನೂನು ಅದನ್ನು ದನ, ಪಾತ್ರೆಗಳಂತೆ ಚರಾಸ್ತಿಯ ಸಾಲಿಗೆ ಸೇರಿಸಿತ್ತು. ಹೊರದಬ್ಬಿದರೆ ನೆಲವನ್ನೇ ಮರಳಿಸುವ ಪೂರ್ಣ ಪರಿಹಾರ ಲೀಸುದಾರನಿಗೆ ದೃಢವಾಗಿದ್ದು 1499ರಲ್ಲಿ. ಇಷ್ಟು ದುರ್ಬಲವಾಗಿದ್ದ ಲೀಸ್ ಒಡೆಯರ ಮೆಚ್ಚಿನ ಸಾಧನವಾಗಲು ಒಂದು ಕಾರಣ ಮೊದಲನೆಯ ಎಡ್ವರ್ಡ್ 1290ರಲ್ಲಿ ತಂದ ‘ಕ್ವಿಯಾ ಎಂಪ್ಟೋರೆಸ್’ ಕಾನೂನು. ಅದಕ್ಕೆ ಮೊದಲು ಜಮೀನು ಮಾರುವವನು ಕೊಳ್ಳುವವನನ್ನು ತನ್ನ ಕೆಳಗಿನ ಹೊಸ ಹಿಡುವಳಿದಾರನನ್ನಾಗಿ ಮಾಡಿಕೊಳ್ಳಬಹುದಿತ್ತು. ಹಾಗೆ ಮೆಟ್ಟಿಲ ಮೇಲೆ ಮೆಟ್ಟಿಲು ಬೆಳೆದು ಮೇಲಿನವರಿಗೆ ಸಲ್ಲಬೇಕಾದದ್ದು ನಡುವೆಯೇ ಸೋರಿಹೋಗುತ್ತಿತ್ತು. 1290ರ ನಂತರ ಶಾಶ್ವತವಾಗಿ ಮಾರುವವನು ಏಣಿಯಿಂದ ಇಳಿಯಲೇಬೇಕು, ಕೊಂಡವನು ಅವನ ಜಾಗದಲ್ಲಿ ನಿಲ್ಲುತ್ತಾನೆ. ಈ ಕಾನೂನು ಇಂದಿಗೂ ಜಾರಿಯಲ್ಲಿದೆ.

ನೆಲವನ್ನು ಕೊಡಬೇಕು, ಆದರೆ ಹಿಡಿತವನ್ನೂ ವರಮಾನವನ್ನೂ ಬಿಡಬಾರದು ಎನ್ನುವವನಿಗೆ ಆಗ ಉಳಿದ ದೊಡ್ಡ ದಾರಿ ಲೀಸ್. ದಕ್ಷಿಣ ಕನ್ನಡ, ಉಡುಪಿಯವರು ಬಲ್ಲ ಮೂಲಗೇಣಿಯ ಪಕ್ಕ ಇಟ್ಟರೆ ವ್ಯತ್ಯಾಸ ಸ್ಪಷ್ಟ: ಮೂಲಗೇಣಿದಾರನ ಹಕ್ಕು ಶಾಶ್ವತ, ಗೇಣಿ ಸ್ಥಿರ. ಇಂಗ್ಲಿಷ್ ಲೀಸಿನಲ್ಲಿ ಹಕ್ಕಿಗೆ ಕೊನೆಯ ದಿನಾಂಕವಿದೆ, ಗೇಣಿ ಏರಲೂಬಹುದು.

ಏಣಿಯ ಮೇಲ್ಭಾಗ ಬಿದ್ದದ್ದು 1660ರಲ್ಲಿ. ಯುದ್ಧಸೇವೆ, ಚಿಕ್ಕ ವಾರಸುದಾರರ ಜಮೀನಿನ ಮೇಲೆ ದೊರೆಯ ಹಿಡಿತ, ಅದರ ಸುತ್ತಲಿನ ಕಾಣಿಕೆಗಳು ಎಲ್ಲ ಪಾರ್ಲಿಮೆಂಟಿನ ಒಂದೇ ಕಾನೂನಿನಲ್ಲಿ ರದ್ದಾದವು. ದೊರೆಗಾದ ನಷ್ಟ ತುಂಬಿದ್ದು ಬಿಯರ್ ಮೊದಲಾದ ಪಾನೀಯಗಳ ಮೇಲಿನ ಸುಂಕದಿಂದ, ಅಂದರೆ ಕುಡಿಯುವ ಜನಸಾಮಾನ್ಯರ ಜೇಬಿನಿಂದ. ಒಡೆಯರು ಮೇಲಕ್ಕೆ ಸಲ್ಲಿಸಬೇಕಾದದ್ದು ಹೀಗೆ ಮನ್ನಾ ಆಯಿತು. ಅವರಿಗೆ ಕೆಳಗಿನಿಂದ ಬರಬೇಕಾದ ಗೇಣಿ, ಪ್ರವೇಶ ಕಾಣಿಕೆ, ಸತ್ತಾಗ ಒಯ್ಯುವ ದನ ಮಾತ್ರ ಹಾಗೇ ಇರಲೆಂದು ಅದೇ ಕಾನೂನು ಬರೆದಿಟ್ಟಿತು. ಲೀಸ್‌ಹೋಲ್ಡ್ ಕುರಿತ ನನ್ನ ಮುಖ್ಯ ಆಕ್ಷೇಪಕ್ಕೆ ಬೇರು ಇಲ್ಲಿದೆ. ಮಧ್ಯಯುಗದ ಒಡೆಯ ಕೆಳಗಿನಿಂದ ಪಡೆಯುತ್ತಿದ್ದ, ಮೇಲಕ್ಕೆ ಸಲ್ಲಿಸುತ್ತಿದ್ದ, ವಾಡಿಕೆಗೆ ಕಟ್ಟುಬಿದ್ದಿದ್ದ. ಇಂದಿನ ಫ್ರೀಹೋಲ್ಡರ್‌ಗೆ ಪಡೆಯುವ ಭಾಗ ಉಳಿದು ಬಂದಿದೆ. ಸಲ್ಲಿಸುವ ಭಾಗ ಹೋಗಿದೆ, ವಾಡಿಕೆಯ ಜಾಗಕ್ಕೆ ಅವನ ವಕೀಲರೇ ಬರೆದ ಕರಾರು ಬಂದಿದೆ.

ಕಾಪಿಹೋಲ್ಡ್ ಕೊನೆಗೊಂಡಿದ್ದು 1926ರ ಜನವರಿ 1ರಂದು, 1922ರ ಕಾನೂನಿನ ಮೂಲಕ. ಕಾಪಿಹೋಲ್ಡರುಗಳು ಪೂರ್ಣ ಒಡೆಯರಾದರು. ಲೀಸುದಾರರು ಆ ಪಟ್ಟಿಯಲ್ಲಿರಲಿಲ್ಲ.

ಈ ಸರಪಣಿಯನ್ನು ಒಂದೇ ತುಂಡು ನೆಲದ ಮೇಲೆ ನೋಡಬೇಕೆಂದರೆ ಲಂಡನ್ನಿನ ಮೇಫೇರ್ ಮತ್ತು ಬೆಲ್‌ಗ್ರೇವಿಯಕ್ಕೆ ಹೋಗಬೇಕು. ಡೂಮ್ಸ್‌ಡೇಯಲ್ಲಿ ಅದು ‘ಐಯಾ’ ಎಂಬ ಒಡೆತನದ ಭಾಗ. ಅದರ ಒಡೆಯ ಜೆಫ್ರಿ ಡಿ ಮ್ಯಾಂಡೆವಿಲ್ ಅದನ್ನು ವೆಸ್ಟ್‌ಮಿನ್‌ಸ್ಟರ್ ಮಠಕ್ಕೆ ಕೊಟ್ಟ. 1536ರಲ್ಲಿ ಎಂಟನೆಯ ಹೆನ್ರಿ ಮಠದಿಂದ ಕಿತ್ತುಕೊಂಡ. ಮುಂದೆ ಅದರ ದೊಡ್ಡ ಪಾಲು ಮೇರಿ ಡೇವಿಸ್ ಎಂಬ ಹುಡುಗಿಯ ಪಾಲಿಗೆ ಬಂತು. 1677ರಲ್ಲಿ, ಅವಳಿಗೆ 12 ವರ್ಷವಾಗಿದ್ದಾಗ, ಸರ್ ಥಾಮಸ್ ಗ್ರೋವ್‌ನರ್ ಜೊತೆ ಮದುವೆಯಾಯಿತು. ಆ ಮನೆತನ 18 ಮತ್ತು 19ನೆಯ ಶತಮಾನಗಳಲ್ಲಿ ನೆಲ ಮಾರದೆ ಲೀಸಿಗೆ ಕೊಟ್ಟು ಬೀದಿಬೀದಿ ಕಟ್ಟಿಸಿತು. ಕಟ್ಟುವ ಖರ್ಚು ಲೀಸುದಾರನದು, ಅವಧಿ ಮುಗಿದ ಮೇಲೆ ಕಟ್ಟಡ ನೆಲದೊಡೆಯನದು. 1967ರಲ್ಲಿ ದೀರ್ಘ ಲೀಸಿನ ಮನೆಗಳನ್ನು ನಿಗದಿತ ಸೂತ್ರದಂತೆ ಕೊಂಡುಕೊಳ್ಳುವ ಹಕ್ಕು ನಿವಾಸಿಗಳಿಗೆ ಬಂದಾಗ ಇದೇ ಮನೆತನದ ಟ್ರಸ್ಟಿಗಳು ಯುರೋಪಿನ ಮಾನವ ಹಕ್ಕು ನ್ಯಾಯಾಲಯದ ತನಕ ಹೋದರು. 1986ರಲ್ಲಿ ಸೋತರು. ಸಾಮಾಜಿಕ ನ್ಯಾಯಕ್ಕಾಗಿ ಪೂರ್ಣ ಮಾರುಕಟ್ಟೆ ಬೆಲೆಗಿಂತ ಕಡಿಮೆ ಪರಿಹಾರ ಕೊಟ್ಟೂ ಒಡೆತನ ವರ್ಗಾಯಿಸಬಹುದು ಎಂದ ಆ ತೀರ್ಪೇ ಈಗಿನ ಸುಧಾರಣೆಗಳಿಗೂ ಆಧಾರ. 2024ರ ಲೀಸ್‌ಹೋಲ್ಡ್ ಕಾನೂನಿನ ವಿರುದ್ಧ ದೊಡ್ಡ ಫ್ರೀಹೋಲ್ಡರುಗಳು ಹೂಡಿದ ದಾವೆಯನ್ನು ಲಂಡನ್ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ತಳ್ಳಿಹಾಕಿತು.

ಇಂದು ಕೆಡುತ್ತಿರುವುದು ಮುಖ್ಯವಾಗಿ ಎರಡು ಕಡೆ. ಮೊದಲನೆಯದು ನೆಲಬಾಡಿಗೆ. ಹತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುವ ಕಲಮಿದ್ದರೆ 250 ಪೌಂಡ್ 50 ವರ್ಷದಲ್ಲಿ 8,000 ಆಗುತ್ತದೆ. ಅಂಥ ಫ್ಲ್ಯಾಟಿಗೆ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ, ಸಾಲ ಸಿಗದ ಮನೆ ಮಾರಾಟವಾಗುವುದಿಲ್ಲ. 2022ರ ಜೂನ್ 30ರಿಂದ ಇಂಗ್ಲೆಂಡ್, ವೇಲ್ಸ್‌ನ ಹೊಸ ಲೀಸುಗಳಿಗೆ ಬಹುಪಾಲು ವರ್ಷಕ್ಕೆ ಒಂದು ಮೆಣಸಿನ ಕಾಳಿಗಿಂತ ಹೆಚ್ಚು ನೆಲಬಾಡಿಗೆ ಕೇಳುವಂತಿಲ್ಲ. ಕಾನೂನಿನಲ್ಲಿ ಹಾಗೇ ಬರೆದಿದೆ. ಮಧ್ಯಯುಗದಲ್ಲಿ ಮಲಬಾರ್ ಕರಾವಳಿಯಿಂದ ಈಜಿಪ್ಟ್, ವೆನಿಸ್ ದಾಟಿ ಬರುತ್ತಿದ್ದ ಮೆಣಸು ದುಬಾರಿ ಸರಕು, ಪೌಂಡ್ ತೂಕದ ಲೆಕ್ಕದಲ್ಲಿ ಗೇಣಿಯಾಗಿ ಸಲ್ಲುತ್ತಿತ್ತು. ಹಳೆಯ ಲೀಸುಗಳಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ಹೊಸ ಕರಡು ಹಿಡಿಯಲು ಹೊರಟಿರುವುದು ಅವನ್ನೇ.

ಎರಡನೆಯದು ವರ್ಷ ಕರಗುವುದು. 1993ರ ಕಾನೂನಿನಂತೆ ಫ್ಲ್ಯಾಟಿನ ಲೀಸನ್ನು 90 ವರ್ಷ ವಿಸ್ತರಿಸಿಕೊಳ್ಳಬಹುದು, ಆದರೆ ಉಳಿದ ಅವಧಿ 80 ವರ್ಷಕ್ಕಿಂತ ಕೆಳಗಿಳಿದರೆ ಬೆಲೆ ಜಿಗಿಯುತ್ತದೆ. ಲೆಕ್ಕ ಹೀಗೆ: ವಿಸ್ತರಿಸಿದ ಮೇಲೆ ಫ್ಲ್ಯಾಟಿನ ಬೆಲೆ 3,00,000 ಪೌಂಡ್ ಎನ್ನೋಣ, ಈಗಿನ ಸ್ಥಿತಿಯಲ್ಲಿ 2,65,000, ಫ್ರೀಹೋಲ್ಡರ್ ಕಳೆದುಕೊಳ್ಳುವುದು 15,000. ಉಳಿದ 20,000 ಎರಡು ಹಕ್ಕುಗಳ ಕೂಡಿಕೆಯಿಂದ ಹುಟ್ಟುವ ಹೆಚ್ಚುವರಿ. ಅದರಲ್ಲಿ ಅರ್ಧ ಫ್ರೀಹೋಲ್ಡರ್‌ಗೆ. ಅಂದರೆ ಕಟ್ಟಬೇಕಾದದ್ದು 15,000ದ ಬದಲು 25,000, ಅದರ ಮೇಲೆ ಎರಡೂ ಕಡೆಯ ವಕೀಲರ, ಮೌಲ್ಯಮಾಪಕರ ಶುಲ್ಕ. 2024ರ ಕಾನೂನು ಈ ಅರ್ಧಪಾಲನ್ನು ತೆಗೆದು ವಿಸ್ತರಣೆಯನ್ನು 990 ವರ್ಷಕ್ಕೆ ಏರಿಸಿದೆ. ಆದರೆ ಬೆಲೆ ಕಟ್ಟುವ ಆ ಭಾಗ ಜಾರಿಗೆ ಬರಲು ಪ್ರತ್ಯೇಕ ಆದೇಶ ಬೇಕು. 81 ವರ್ಷ ಉಳಿದವರು ಕಾಯುವುದೋ ಈಗಲೇ ಕಟ್ಟುವುದೋ ಎಂದು ತೊಳಲಾಡುತ್ತಿರುವುದು ಇದರಿಂದಲೇ.

ಇಷ್ಟೆಲ್ಲ ತೊಂದರೆಯಿದ್ದರೂ ಫ್ಲ್ಯಾಟುಗಳು ಲೀಸ್‌ಹೋಲ್ಡ್ ಆಗಿಯೇ ಮಾರಾಟವಾಗಲು ಕಾರಣ ಮಹಡಿಯ ಮೇಲಿನ ಛಾವಣಿ. ಸ್ವಂತ ನೆಲವನ್ನು ಮಾರುವಾಗ ‘ನೀನು ಇದನ್ನು ದುರಸ್ತಿ ಮಾಡುತ್ತಿರಬೇಕು’ ಎಂದು ಹಾಕಿದ ಷರತ್ತು ಮುಂದಿನ ಖರೀದಿದಾರನನ್ನು ಕಟ್ಟಿಹಾಕುವುದಿಲ್ಲ ಎಂದು 1885ರಲ್ಲಿ ಇಂಗ್ಲಿಷ್ ನ್ಯಾಯಾಲಯ ತೀರ್ಮಾನಿಸಿತು. ಲೀಸಿನಲ್ಲಾದರೆ ಅದೇ ಷರತ್ತು ಕೈಯಿಂದ ಕೈಗೆ ದಾಟುತ್ತದೆ. ನಾಲ್ಕನೆಯ ಮಹಡಿಯ ಛಾವಣಿ ಸೋರಿದರೆ ನೆಲಮಹಡಿಯವರಿಂದಲೂ ಹಣ ವಸೂಲಿ ಮಾಡಬೇಕೆಂದರೆ ಲೀಸೇ ಗತಿ. ಒಡೆಯನೆಂಬ ಪಾತ್ರ ಇಲ್ಲಿ ನಿಜವಾಗಿ ಒಂದು ಕೆಲಸ ಮಾಡುತ್ತಿದೆ. ಸುಲಿಗೆ ಮಾಡಲು ಅವಕಾಶ ಸಿಗುವುದು ಆ ಕೆಲಸ ಬೇರೆ ಯಾರಿಗೂ ಒಪ್ಪಿಸಿಲ್ಲದ ಕಾರಣಕ್ಕೆ.

ಸ್ಕಾಟ್ಲೆಂಡ್ ಈ ಗಂಟನ್ನು ಬಿಡಿಸಿದ ರೀತಿ ಗಮನಿಸಬೇಕು. ಅಲ್ಲಿ ಫ್ಯೂಡಲ್ ಹಿಡುವಳಿ 2004ರ ನವೆಂಬರ್ 28ರ ತನಕ ಕಾನೂನುಬದ್ಧವಾಗಿಯೇ ಇತ್ತು. ಮೇಲೊಡೆಯನಿಗೆ ವಾರ್ಷಿಕ ಗೇಣಿ, ಮನೆಗೆ ಕೋಣೆ ಸೇರಿಸಲು ಅವನ ಒಪ್ಪಿಗೆಗೆ ಶುಲ್ಕ ಎಲ್ಲ ಇದ್ದವು. ಆ ದಿನ ಅದು ರದ್ದಾಯಿತು, ಅದೇ ದಿನ ಬಹುಮಹಡಿ ಮನೆಗಳ ಹೊಸ ಕಾನೂನೂ ಜಾರಿಗೆ ಬಂತು: ಛಾವಣಿ, ಅಡಿಪಾಯ, ಮೆಟ್ಟಿಲುಗಳ ದುರಸ್ತಿಗೆ ಎಲ್ಲ ಮನೆಯವರ ಹೊಣೆ, ಬಹುಮತದ ತೀರ್ಮಾನ, ಖರ್ಚಿನ ಹಂಚಿಕೆ. ಬಿದ್ದುಹೋದ ಹಳೆಯ ಗೇಣಿಗೆ ಪರಿಹಾರವನ್ನೂ ಸೂತ್ರವಾಗಿಸಿದರು. ಎರಡೂವರೆ ಶೇಕಡಾ ಬಡ್ಡಿಯ ಸರ್ಕಾರಿ ಸಾಲಪತ್ರದಲ್ಲಿ ಎಷ್ಟು ಹಣ ತೊಡಗಿಸಿದರೆ ಆ ಗೇಣಿ ಹುಟ್ಟುತ್ತದೋ ಅಷ್ಟನ್ನು ಒಮ್ಮೆ ಕೊಟ್ಟು ಮುಗಿಸುವುದು. ಕೇಳದ ಒಡೆಯನಿಗೆ ಅದೂ ಇಲ್ಲ.

ಪರಿಹಾರದ ದರ ಭಾರವಾದರೆ ಏನಾಗುತ್ತದೆ ಎಂಬುದನ್ನು ಫ್ರಾನ್ಸ್ ತೋರಿಸಿತ್ತು. 1789ರ ಆಗಸ್ಟ್ 4ರ ರಾತ್ರಿ ಒಡೆಯರ ಹಕ್ಕುಗಳೆಲ್ಲ ಹೋದವೆಂದು ಸಾರಿದರು. ಮರುವರ್ಷ ಬಂದ ನಿಯಮ ಬೇರೆಯೇ ಹೇಳಿತು: ದೇಹದ ದಾಸ್ಯ ಉಚಿತವಾಗಿ ರದ್ದು, ನೆಲದ ಮೇಲಿನ ಗೇಣಿ ಬೇಡವೆಂದರೆ ಹಣದ್ದಾದರೆ ವಾರ್ಷಿಕ ಮೊತ್ತದ 20 ಪಟ್ಟು, ಧಾನ್ಯದ್ದಾದರೆ 25 ಪಟ್ಟು ಕಟ್ಟಿ ಬಿಡಿಸಿಕೊಳ್ಳಬೇಕು. ರೈತರು ಕಟ್ಟಲಿಲ್ಲ, ಗೇಣಿಯನ್ನೂ ಕೊಡಲಿಲ್ಲ. 1793ರ ಜುಲೈ 17ರಂದು ಪರಿಹಾರವಿಲ್ಲದೆ ಎಲ್ಲ ರದ್ದಾಯಿತು.

ಇಂಗ್ಲೆಂಡ್ ತನ್ನ ಪರ್ಯಾಯವನ್ನು 2002ರಲ್ಲೇ ಬರೆದಿತ್ತು. ಕಾಮನ್‌ಹೋಲ್ಡ್ ಎಂಬ ಈ ಪದ್ಧತಿಯಲ್ಲಿ ಪ್ರತಿಯೊಬ್ಬರಿಗೂ ತಮ್ಮ ಫ್ಲ್ಯಾಟಿನ ಪೂರ್ಣ ಒಡೆತನ, ಉಳಿದದ್ದು ನಿವಾಸಿಗಳ ಸಂಘದ್ದು. 2004ರಿಂದ ಜಾರಿಯಲ್ಲಿದ್ದರೂ ಹೀಗೆ ಕಟ್ಟಿದ ಸಮುಚ್ಚಯಗಳು 20ಕ್ಕಿಂತ ಕಡಿಮೆ. ಕಟ್ಟಡ ಕಟ್ಟಿಸುವವನಿಗೆ ಲೀಸಿನಲ್ಲಿ ಫ್ಲ್ಯಾಟನ್ನೂ ಮಾರಿ ನೆಲಬಾಡಿಗೆಯ ಹಕ್ಕನ್ನೂ ಬೇರೆ ಮಾರುವ ಅವಕಾಶವಿದ್ದಾಗ ಕಾಮನ್‌ಹೋಲ್ಡ್ ಏಕೆ ಬೇಕು? ಹಳೆಯ ಕಟ್ಟಡ ಇದಕ್ಕೆ ಬದಲಾಗಲು ಎಲ್ಲ ಲೀಸುದಾರರೂ ಒಪ್ಪಬೇಕೆಂಬ ಷರತ್ತಿತ್ತು. ನೂರು ಮನೆಯಲ್ಲಿ ಒಬ್ಬ ಉತ್ತರಿಸದಿದ್ದರೂ ಮುಗಿಯಿತು. ಹೊಸ ಕರಡು ಈ ಷರತ್ತನ್ನು ಸಡಿಲಿಸಿ ಹೊಸ ಕಟ್ಟಡಗಳಿಗೆ ಕಾಮನ್‌ಹೋಲ್ಡನ್ನೇ ದಾರಿಯಾಗಿಸಲು ಹೊರಟಿದೆ. ಇದೇ ಅದರ ಜೀವಾಳ ಎನ್ನುವುದು ನನ್ನ ಅಭಿಪ್ರಾಯ. 250 ಪೌಂಡಿನ ಮಿತಿಗೆ ಸಿಕ್ಕ ಪ್ರಚಾರ ಇದಕ್ಕೆ ಸಿಗಬೇಕಿತ್ತು.

ಲಂಡನ್, ರೆಡಿಂಗ್, ಮ್ಯಾಂಚೆಸ್ಟರ್‌ಗಳಲ್ಲಿ ಫ್ಲ್ಯಾಟ್ ನೋಡುತ್ತಿರುವ ಕನ್ನಡಿಗರು ಮಸೂದೆ ಕಾನೂನಾಗುವ ತನಕ ಹಳೆಯ ನಿಯಮದ ಮೇಲೆಯೇ ಲೆಕ್ಕ ಹಾಕಬೇಕು. ಲೀಸಿನಲ್ಲಿ ಉಳಿದ ವರ್ಷ 80ರ ಸಮೀಪವಿದ್ದರೆ ವಿಸ್ತರಣೆಯ ಖರ್ಚನ್ನು ಬೆಲೆಯಿಂದ ಕಳೆಯಲು ಮಾರುವವರನ್ನು ಕೇಳಿ. ನೆಲಬಾಡಿಗೆ ಈಗ ಎಷ್ಟು ಎಂಬುದಕ್ಕಿಂತ ಅದು ಏರುವ ಕಲಮನ್ನು ಓದಿ. ಕಳೆದ ಮೂರು ವರ್ಷದ ಸರ್ವಿಸ್ ಚಾರ್ಜ್ ಲೆಕ್ಕ ತರಿಸಿ, ಛಾವಣಿ ಅಥವಾ ಲಿಫ್ಟಿನ ದೊಡ್ಡ ಕೆಲಸ ಮುಂದಿದೆಯೇ ನೋಡಿ. ಒಬ್ಬ ಲೀಸುದಾರನ ಮೇಲೆ 250 ಪೌಂಡಿಗಿಂತ ಹೆಚ್ಚು ಬೀಳುವ ದುರಸ್ತಿಗೆ ಮೊದಲು ಫ್ರೀಹೋಲ್ಡರ್ ನಿವಾಸಿಗಳ ಅಭಿಪ್ರಾಯ ಕೇಳಲೇಬೇಕೆಂಬ ನಿಯಮವಿದೆ, ಕೇಳದಿದ್ದರೆ ಅಷ್ಟಕ್ಕಿಂತ ಹೆಚ್ಚು ವಸೂಲಿ ಮಾಡುವುದು ಕಷ್ಟ.

ಫ್ರೀಹೋಲ್ಡ್ ನಿವಾಸಿಗಳದೇ ಕಂಪನಿಯ ಹೆಸರಲ್ಲಿದೆ ಎಂದರೆ ಒಳ್ಳೆಯದೇ, ಆದರೆ ಆ ಕಂಪನಿ ಜೀವಂತವಿದೆಯೇ ಎಂದು ಕಂಪನಿ ನೋಂದಣಿ ಕಚೇರಿಯ ಜಾಲತಾಣದಲ್ಲಿ ನೋಡಿಕೊಳ್ಳಿ. ವಾರ್ಷಿಕ ವಿವರ ಸಲ್ಲಿಸದ ಕಂಪನಿಯನ್ನು ಪಟ್ಟಿಯಿಂದ ತೆಗೆಯುತ್ತಾರೆ. ಆಗ ಅದರ ಆಸ್ತಿ, ಅಂದರೆ ನಿಮ್ಮ ಕಟ್ಟಡದ ನೆಲ, ದೊರೆಯ ಪಾಲಾಗುತ್ತದೆ. ಕಂಪನಿಯ ನೋಂದಾಯಿತ ಕಚೇರಿ ಕಾರ್ನ್‌ವಾಲ್‌ನಲ್ಲಿದ್ದರೆ ಅಲ್ಲಿನ ಡಚಿಗೆ (ರಾಜಮನೆತನದ ಎಸ್ಟೇಟಿಗೆ), ಲ್ಯಾಂಕಾಸ್ಟರ್ ಡಚಿಯ ವ್ಯಾಪ್ತಿಯಲ್ಲಿದ್ದರೆ ಆ ಡಚಿಗೆ. ಸರ್ಕಾರಿ ವಕೀಲರು ನಮಗೆ ಬೇಡ ಎಂದು ಬಿಟ್ಟುಕೊಟ್ಟರೆ ಕ್ವಿಯಾ ಎಂಪ್ಟೋರೆಸ್‌ಗಿಂತಲೂ ಹಳೆಯ ನಿಯಮದಂತೆ ನೆಲ ಏಣಿ ಹತ್ತಿ ಮತ್ತೆ ದೊರೆತನಕ್ಕೇ ಮರಳುತ್ತದೆ. ಆ ನಡುವೆ ಛಾವಣಿ ಸೋರಿದರೆ ಬಿಲ್ ಕಳಿಸಲು ಯಾರೂ ಇರುವುದಿಲ್ಲ, ಫ್ಲ್ಯಾಟ್ ಮಾರಲು ಹೊರಟರೆ ಕೊಳ್ಳುವವರ ವಕೀಲರು ತಡೆಯುತ್ತಾರೆ. ತೆಗೆದುಹಾಕಿದ ಆರು ವರ್ಷದೊಳಗೆ ಅರ್ಜಿ ಹಾಕಿ ಕಂಪನಿಯನ್ನು ಪಟ್ಟಿಗೆ ಮರಳಿ ಸೇರಿಸಿದರೆ ಆಸ್ತಿಯೂ ಸಾಮಾನ್ಯವಾಗಿ ಮರಳುತ್ತದೆ.